ಭಟ್ಟಿಯ ಚಿಮಣಿಯ ಸಿಡಿಲು ಕಂಬಿ

ಜೋಡಣೆ ಮತ್ತೆ ಬಿಚ್ಚಿಕೊಂಡಿತ್ತು.

ಬೂಶ್ತಾ ಮೇಸ್ತ್ರಿ ರೊಟ್ಟಿ ಭಟ್ಟಿಯ ಚಿಮಣಿಗೆ ಮೂಗು ತಾಗಿಸಿ ನೋಡಿದ. ತುದಿಯಲ್ಲಿ ಸಿಡಿಲು ಕಂಬಿ ನೆಟ್ಟಗೇ ನಿಂತಿತ್ತು. ನೆಲಕ್ಕಿಳಿಯುವ ತಾಮ್ರದ ಪಟ್ಟಿಯೂ ಇತ್ತು. ಎರಡನ್ನೂ ಕೂಡಿಸುವ ಹಿಡಿಕೆಯ ಬೋಲ್ಟುಗಳು ಮಾತ್ರ ಇರಲಿಲ್ಲ. ಈಗ ಸಿಡಿಲು ಬಡಿದರೆ ಪಟ್ಟಿಯ ದಾರಿ ಬಿಟ್ಟು ಭಟ್ಟಿಯ ಹೊಟ್ಟೆಗೇ ಇಳಿಯುತ್ತದೆ. ಇಡೀ ಕೇರಿಯ ರೊಟ್ಟಿ ಒಂದೇ ಏಟಿಗೆ ಇದ್ದಿಲು.

ಇದು ಕಳ್ಳನ ಕೆಲಸವಲ್ಲ. ಕಳ್ಳ ತಾಮ್ರ ಬಿಟ್ಟು ಹೋಗುತ್ತಾನೆಯೇ? ಬೋಲ್ಟು ನಟ್ಟುಗಳನ್ನು ಯಾರೋ ಒರೆಸಿ, ತೊಳೆದ ಚಹಾ ಲೋಟದಲ್ಲಿ ಹಾಕಿ, ಮೂಲೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ನಟ್ಟಿನ ಮೇಲೆ ಒಂದು ಗೀರೂ ಇಲ್ಲ. ಅಂದರೆ ಸರಿಯಾದ ಅಳತೆಯ ಸ್ಪ್ಯಾನರ್. ಇಡೀ ಸೆಫ್ರು ಪಟ್ಟಣದಲ್ಲಿ ಅಂಥದ್ದು ಇರುವುದು ಇಬ್ಬರ ಹತ್ತಿರ. ಒಬ್ಬ ತಾನು. ಇನ್ನೊಬ್ಬ ಇದೇ ಕಸುಬಿನ ಅಲ್ಲಾಲ್.

"ಕತ್ತೆ ನನ್ಮಗ," ಎಂದು ಬೂಶ್ತಾ ಹಲ್ಲು ಕಡಿದ.

ದೊಡ್ಡ ಮಸೀದಿಯ ಮಿನಾರಿಗೆ ಸಿಡಿಲು ಕಂಬಿ ಕೂರಿಸುವ ಕೆಲಸ ಬಂದಿತ್ತು. ಅಂಥ ಕೆಲಸ ಆಯಸ್ಸಿಗೊಂದು. ಕುಶಲಕರ್ಮಿಗಳ ಯಜಮಾನ ಮುಖದ ಮೇಲೇ ಹೇಳಿದ್ದ: "ರೊಟ್ಟಿ ಸುಡೋ ಚಿಮಣೀಲೇ ನಿನ್ನ ಜೋಡಣೆ ನಿಲ್ಲೋದಿಲ್ಲ, ನಿನಗೆ ಮಿನಾರು ಹೆಂಗಯ್ಯಾ ಕೊಡ್ಲಿ? ಇನ್ನೊಂದು ಸಲ ಬಿಚ್ಚಿಕೊಂಡರೆ ಅಲ್ಲಾಲ್‌ನ ಕರೀತೀನಿ."

ಮೆಟ್ಟಿಲ ಕೆಳಗಿಂದ ತಾಮುವಿನ ದನಿ ಬಂತು. ಗಂಡ ತೀರಿಹೋದ ಮೇಲೆ ಭಟ್ಟಿ ನಡೆಸುತ್ತಿದ್ದವಳು ಅವಳೇ. "ನಿಧಾನಕ್ಕೆ ಮಾಡಿ ಮೇಸ್ತ್ರಿಗಳೇ. ಅವಸರ ಏನೂ ಇಲ್ಲ."

"ನನ್ನ ಮಾನ ಹೋಗ್ತಾ ಇದೆ ಲಾಲ್ಲಾ ತಾಮು!"

"ಮಾನಕ್ಕೇನಾಗಿದೆ? ನೀವು ಹತ್ತಿ ಕೂಗಿದ ದಿನವೇ ನನಗೆ ಬೆಳಗಾದ ಹಾಗೆ."

ಕೂಗಲೇಬೇಕಿತ್ತು. ಸೆಫ್ರುವಿನಲ್ಲಿ ತಾರಸಿ ಹೆಂಗಸರ ರಾಜ್ಯ. ಉಣ್ಣೆ ಕೆದರುವುದು, ಮಾಂಸ ಒಣಗಿಸುವುದು, ಮಾತಿನಲ್ಲೇ ಊರಿನವರ ಚರ್ಮ ಸುಲಿಯುವುದು, ಎಲ್ಲ ಅಲ್ಲೇ. ಕೆಲಸಕ್ಕೆಂದು ಹತ್ತುವ ಗಂಡಸು ಮೊದಲು "ದಾರಿ! ದಾರಿ!" ಎಂದು ಕೂಗಬೇಕು. ಆಗ ಅವರೆಲ್ಲ ಒಳಗೆ ಹೋಗುತ್ತಾರೆ. ಅವನು ಇಳಿಯುವ ತನಕ ಒಬ್ಬಳೂ ತಲೆ ಹೊರಗೆ ಹಾಕುವುದಿಲ್ಲ. ಅವನೂ ಕೆಲಸದಿಂದ ಕಣ್ಣು ಕದಲಿಸುವಂತಿಲ್ಲ. ಬೂಶ್ತಾನ ಗಂಟಲಿಗೆ ಏಳು ಕೇರಿಯ ತಾರಸಿಗಳು ಒಮ್ಮೆಲೇ ಖಾಲಿಯಾಗುತ್ತಿದ್ದವು. ಆಮೇಲೆ ಚಿಮಣಿಯ ಇಟ್ಟಿಗೆ ಬಿಟ್ಟು ಬೇರೇನನ್ನೂ ನೋಡಿದವನಲ್ಲ. ಅಷ್ಟು ಮರ್ಯಾದಸ್ಥ.

ಬೋಲ್ಟು ಬಿಗಿದು ಕೆಳಗಿಳಿದವನೇ ಅಲ್ಲಾಲ್‌ನ ಅಂಗಡಿಗೆ ನುಗ್ಗಿದ. ಬಾಗಿಲು ಹಾಕಿತ್ತು. ತಾನು ರಿಪೇರಿಗೆ ಹೋದ ದಿನವೆಲ್ಲ ಅದು ಹಾಕಿಯೇ ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ಅಲ್ಲಾಲ್ ಮೀಸೆಗೆ ಅಂಟಿದ ಎಳ್ಳು ಒರೆಸಿಕೊಳ್ಳುತ್ತ ಬಂದ.

"ಎಲ್ಲಿ ಸತ್ತಿದ್ದೆಯೋ? ಮಿನಾರು ಅಳೆಯೋಕೆ ಹೋಗಿದ್ದೆಯಾ?"

"ಹೋಗಿ ಅಣ್ಣ, ನನಗೆ ಅಷ್ಟು ಎತ್ತರ ಆಗಿಬರೋದಿಲ್ಲ," ಎಂದು ಅಲ್ಲಾಲ್ ನಕ್ಕ. "ನೀವು ಆ ಚಿಮಣಿ ರಿಪೇರಿ ಮಾಡ್ತಾ ಇದ್ದರೆ ಸಾಕು, ನನ್ನ ಬದುಕು ಚೆನ್ನಾಗಿ ನಡೀತದೆ."

ಬೂಶ್ತಾನ ಕಿವಿಯಲ್ಲಿ ಹೊಗೆ ಬಂತು. ಸಿಕ್ಕಿಬೀಳಲಿ ಮಗ, ಆಮೇಲೆ ಯಜಮಾನನ ಮುಂದೆಯೇ ಕಿವಿ ಹಿಂಡುತ್ತೇನೆ ಎಂದುಕೊಂಡ.

ಮರುವಾರ, ಭಟ್ಟಿಗೆ ಕಟ್ಟಿಗೆ ಇಳಿಸುವವರ ನಡುವೆ ನುಸುಳಿ ಒಳಗೆ ಹೋದ. ತಾರಸಿಯ ಬಾಗಿಲಲ್ಲಿ ಹಿಟ್ಟಿನ ಚೀಲಗಳ ಹಿಂದೆ ಕುಕ್ಕರಗಾಲಲ್ಲಿ ಕೂತ. ಹಿಟ್ಟು ಮೂಗಿಗೆ ಹೋಯಿತು. ಸೀನು ನುಂಗಿಕೊಂಡ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಸುತ್ತಿಗೆ ಎತ್ತಿದ.

ಬಂದವಳು ತಾಮು.

ಹಾಡು ಗುನುಗುತ್ತ ಚಿಮಣಿಯ ಹತ್ತಿರ ಹೋದಳು. ಸೊಂಟದಿಂದ ಸ್ಪ್ಯಾನರ್ ತೆಗೆದಳು. ಬೋಲ್ಟು ಬಿಚ್ಚಿ, ಸೆರಗಿನಲ್ಲಿ ಒರೆಸಿ, ಲೋಟಕ್ಕೆ ಹಾಕಿ, ಕೆಳಗಿಳಿದು ಹೋದಳು. ಕೂಡಲೇ ಬೀದಿಗೆ ಕೇಳುವ ಹಾಗೆ ಅವಳ ಕೂಗು: "ಯಾರಾದರೂ ಬೂಶ್ತಾ ಮೇಸ್ತ್ರಿಗೆ ಹೇಳಿ ಕಳಿಸ್ರಪ್ಪಾ!"

ಬೂಶ್ತಾ ಸುತ್ತಿಗೆ ಇಳಿಸಿದ. ಹೆಂಡತಿ ಸತ್ತ ಮೇಲೆ ಅವನ ಸಿಟ್ಟಿಗೆ ಹೆದರಿ ಬೆಕ್ಕು ಕೂಡ ಮನೆ ಬಿಟ್ಟುಹೋಗಿತ್ತು. ಈಗ ಒಂದೊಂದೇ ನೆನಪಾಯಿತು. ನಿಧಾನಕ್ಕೆ ಮಾಡಿ. ನೀವು ಕೂಗಿದ ದಿನವೇ ಬೆಳಗು. ಹತ್ತುವಾಗ ಕಣ್ಣಿಗೆ ಬೀಳುತ್ತಿದ್ದ ಆ ತಟ್ಟೆ: ಎಳ್ಳಿನ ರೊಟ್ಟಿ, ಎರಡು ಲೋಟ ಪುದೀನ ಚಹಾ. ಪಾಪ, ಕರೆಯಲು ನಾಚಿಕೆಪಟ್ಟಿರಬೇಕು. ಸ್ಪ್ಯಾನರ್ ಎಲ್ಲಿಂದ ಬಂತು? ಮನಸ್ಸಿದ್ದವಳಿಗೆ ಸ್ಪ್ಯಾನರ್ ಸಿಗದೆ ಹೋಗುತ್ತದೆಯೇ! ಮಿನಾರು ಹಾಳಾಗಿ ಹೋಗಲಿ ಎಂದುಕೊಂಡ. ಜೀವನದಲ್ಲಿ ಮೊದಲ ಸಲ ಹಾಗೆ ಅನ್ನಿಸಿತ್ತು.

ಕಟ್ಟಿಗೆಯವರ ನಡುವೆಯೇ ಮತ್ತೆ ನುಸುಳಿ ಹೊರಬಂದು ಕ್ಷೌರ ಮಾಡಿಸಿದ. ಹೊಸ ನಿಲುವಂಗಿ ತೊಟ್ಟ. ಹೆಣ್ಣು ಕೇಳಲು ಒಯ್ಯುವಂಥ, ನೀಲಿ ಕಾಗದ ಸುತ್ತಿದ ಸಕ್ಕರೆ ಗಟ್ಟಿಯೊಂದನ್ನು ಕೊಂಡು, ಸಲಕರಣೆಯ ಚೀಲದಲ್ಲಿ ಅಡಗಿಸಿದ. ಭಟ್ಟಿಗೆ ಬಂದಾಗ ತಾಮು ಕಣ್ಣಿಗೆ ಕಾಡಿಗೆ ಹಚ್ಚಿದ್ದಳು. ಅವನ ಎದೆ ನಗಾರಿಯಾಯಿತು.

"ಹತ್ತಿ ಮೇಸ್ತ್ರಿಗಳೇ. ಜೋರಾಗಿ ಕೂಗಿ."

ತಾರಸಿ ಹತ್ತಿ ಎಂದಿಲ್ಲದಷ್ಟು ಜೋರಾಗಿ ಕೂಗಿದ. "ದಾರಿ! ದಾರಿ!" ಬಾಗಿಲುಗಳು ಪಟಪಟ ಮುಚ್ಚಿಕೊಂಡವು. ಇಡೀ ಕೇರಿಯ ತಾರಸಿ ಖಾಲಿ. ಹಿಂದೆಯೇ ತಟ್ಟೆ ಹಿಡಿದ ತಾಮುವಿನ ಹೆಜ್ಜೆ ಕೇಳಿಸಿತು. ಬೂಶ್ತಾ ಸಕ್ಕರೆ ಹೊರತೆಗೆದ. ಇವತ್ತು ಚಿಮಣಿಗೆ ಮುಖ ಮಾಡಲಿಲ್ಲ. ತಲೆ ಎತ್ತಿ ತಿರುಗಿದ.

ಪಕ್ಕದ ತಾರಸಿಯಲ್ಲಿ ಒಣಹಾಕಿದ ಚಾದರಗಳ ಸಂದಿಯಿಂದ, ಹಳದಿ ಚಪ್ಪಲಿ ಕೈಯಲ್ಲಿ ಹಿಡಿದು, ಮೀಸೆಗೆ ಎಣ್ಣೆ ಹಚ್ಚಿ, ಅಲ್ಲಾಲ್ ಅಡ್ಡಗೋಡೆ ಹತ್ತುತ್ತಿದ್ದ. ಬೂಶ್ತಾನನ್ನು ಕಂಡು ಒಂದು ಕಾಲು ಆಚೆ, ಒಂದು ಕಾಲು ಈಚೆ ಹಾಗೇ ನಿಂತ. ಅವನ ಕಣ್ಣು ಸಕ್ಕರೆಯ ಮೇಲೆ ಬಿತ್ತು. ಮುಖ ಅರಳಿತು.

"ನನ್ನ ಪರವಾಗಿ ಸಕ್ಕರೆ ನೀವೇ ತಂದಿರಾ ಅಣ್ಣ! ಮಿನಾರು ನಿಮಗೇ ಇರಲಿ, ಯಜಮಾನರಿಗೆ ನಾನೇ ಹೇಳ್ತೀನಿ. ಮದುವೆ ಆಗೋ ತನಕ ವಾರಕ್ಕೊಂದು ಸಲ ಬಂದು ಹಿಂಗೇ ಕೂಗಿ ಸಾಕು, ಆ ತಾರಸಿ ಮುದುಕಿಯರನ್ನ ಒಳಗೆ ಅಟ್ಟೋ ಗಂಟಲು ಈ ಊರಲ್ಲಿ ಇನ್ಯಾರಿಗಿದೆ?"