ಸಿಂಹಕ್ಕೆ ಕೈಮುಗಿದ ಅಜ್ಜಿ

ತಿಂಗಳಿಗೊಮ್ಮೆ ಕಪಾಟು ತೆರೆದು ಬಟ್ಟೆಗಳಿಗೆ ಗಾಳಿಯಾಡಿಸುವುದು ನನ್ನ ಕ್ರಮ. ಅಜ್ಜಿಯ ಉಣ್ಣೆಯ ಕೋಟಿನಿಂದ ನುಸಿಗುಳಿಗೆಯ ವಾಸನೆ ಬಂದಾಗಲೆಲ್ಲ ಫಳ್ನೀರಿನ ಅಜ್ಜಿಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನೈರೋಬಿಯಲ್ಲಿ ಕೆಲಸಕ್ಕಿದ್ದ ದೊಡ್ಡಮಾವನ ಮನೆಗೆ ಹೋಗಿದ್ದ ಅಜ್ಜಿ ಆಗಷ್ಟೇ ಮರಳಿದ್ದರು. ಮಗ ಕೊಡಿಸಿದ ಆ ದೊರಗು ಕೋಟನ್ನು ಸೆಕೆಯಲ್ಲೂ ಮಡಿಲಲ್ಲಿಟ್ಟುಕೊಂಡು, ಊಟಕ್ಕೆ ಬಂದ ನೆಂಟರಿಗೆ ಸಫಾರಿಯ ಫೋಟೋ ತೋರಿಸುತ್ತಿದ್ದರು. ಒಂದರಲ್ಲಿ ಜೀಪಿನ ಮುಂದೆ ದಾರಿಗೆ ಅಡ್ಡವಾಗಿ ಸಿಂಹ ಮಲಗಿತ್ತು. ಜೀಪಿನಲ್ಲಿದ್ದವರೆಲ್ಲ ಕ್ಯಾಮೆರಾ ಹಿಡಿದಿದ್ದರು. ಅಜ್ಜಿಯೊಬ್ಬರೇ ಕಣ್ಣುಮುಚ್ಚಿ ಕೈಮುಗಿದಿದ್ದರು.

ನೆಂಟರು ನಕ್ಕರು. ಅಡುಗೆಮನೆಯ ಬಾಗಿಲಿಗೆ ಒರಗಿದ್ದ ಚಿಕ್ಕಮಾವ, "ಅಷ್ಟು ದೂರ ಹೋಗಿ ನಮ್ಮ ಮಾನ ತೆಗೆದ್ರಲ್ಲ ಅಮ್ಮ! ಅಷ್ಟು ಹೆದರಿಕೆಯಾ?" ಎಂದರು. ನನಗೆ ಅಳು ಬಂತು. ಆಫ್ರಿಕಾ ನೋಡಿದ ಅಜ್ಜಿ ನನ್ನ ತರಗತಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಅಜ್ಜಿ ಫೋಟೋಗಳ ಅಂಚು ಕೂಡಿಸಿ ಲಕೋಟೆಗೆ ಹಾಕಿದರು. "ಹೆದರಿಕೆ ಎಂತದ್ದು? ನಾವು ಹೋದದ್ದು ಅದರ ಮನೆಗೆ ಅಲ್ವಾ? ಗೈಡ್ ಸುಮ್ಮನೆ ಕೂತುಕೊಳ್ಳಿ ಅಂದ, ಕೂತೆ. ಕೈ ಮುಗಿಯಬೇಡಿ ಅಂತ ಅವ ಹೇಳ್ಲಿಲ್ಲ."

"ಮತ್ತೆ ನಿಮ್ಮ ಸಿಂಹ ಎಂತ ಮಾಡಿತು?" ಮಾವ ಬಿಡಲಿಲ್ಲ.

"ಎದ್ದು ದಾರಿ ಬಿಟ್ಟಿತು ಮಾರಾಯ. ನೀನೇ ಇನ್ನೂ ಬಾಗಿಲಿಗೆ ಅಡ್ಡ ನಿಂತಿದ್ದಿ. ಆಚೆ ಸರಿ, ನನಗೆ ಚಾ ಇಡ್ಲಿಕ್ಕುಂಟು."

ಈ ಸಲ ನೆಂಟರು ನಕ್ಕದ್ದು ಮಾವನನ್ನು ನೋಡಿ. ಅವರು ಸರಿದು ನಿಂತರು. ನಾನು ಅಜ್ಜಿಯ ಹಿಂದೆಯೇ ತಲೆಯೆತ್ತಿ ಒಳಗೆ ನಡೆದೆ.