ಗಳಿಗೆ ಬಟ್ಟಲು

ತಳದಲ್ಲಿ ಸೂಜಿಮೊನೆಯಷ್ಟು ತೂತಿದ್ದ ತಾಮ್ರದ ಬಟ್ಟಲು ನೀರಿನ ಕೊಪ್ಪರಿಗೆಯಲ್ಲಿ ತೇಲುತ್ತಿತ್ತು. ಬೆಳಗಿನಿಂದ ಒಂಬತ್ತು ಸಲ ತುಂಬಿ ಮುಳುಗಿತ್ತು. ಹತ್ತನೇ ಸಲ ಮುಳುಗಿದಾಗ ಮುಹೂರ್ತ.

ಐವತ್ತು ದಾಟಿದ ಮದುಮಗ ಕೈಗಡಿಯಾರವನ್ನು ಜೋಯಿಸರ ಮುಖಕ್ಕೆ ಹಿಡಿದ.

“ಹತ್ತೂ ಇಪ್ಪತ್ತಾಯ್ತು. ತಾಳಿ ಕೊಡ್ರೀ!”

“ಬಟ್ಟಲು ಮುಳುಗ್ಲಿ. ನಮ್ಮ ತಾತನ ಕಾಲದಿಂದ ಇದೇ ಲೆಕ್ಕ.”

“ಆ ತೂತು ಬಟ್ಟಲನ್ನ ತಿಪ್ಪೆಗೆ ಎಸೀರಿ. ಇದು ಸೀಮೆ ವಾಚು!”

“ಹಾಗಾದ್ರೆ ಮಂತ್ರಾನೂ ಅದರ ಹತ್ರಾನೇ ಹೇಳಿಸ್ಕೊಳ್ಳಿ.”

ಹುಡುಗಿಯ ಅಪ್ಪ ಇಬ್ಬರ ನಡುವೆ ಕೈಮುಗಿದು ನಿಂತ. ಯಾರೂ ಅವನತ್ತ ನೋಡಲಿಲ್ಲ. ವಾಚಿನ ಮುಳ್ಳು ಮುಂದೆ ಹೋಯಿತು. ಬಟ್ಟಲು ತೇಲುತ್ತಲೇ ಇತ್ತು.

ಮದುಮಗ ಬಾಸಿಂಗ ಕಿತ್ತೆಸೆದ.

“ಮುಹೂರ್ತ ಮೀರೋಯ್ತು. ಮೊದಲ್ನೇ ಹೆಂಡ್ತಿನೇ ಬಾಳ್ಲಿಲ್ಲ. ಕೆಟ್ಟ ಗಳಿಗೇಲಿ ಇನ್ನೊಬ್ಬಳನ್ನ ಕಟ್ಕೊಂಡು ಈ ಸಲ ನಾನು ಸಾಯ್ಲಾ? ನಡೀರಿ ಎಲ್ಲಾ!”

ದಿಬ್ಬಣ ಹೊರಟುಹೋಯಿತು. ಅಪ್ಪ ತಲೆ ಚಚ್ಚಿಕೊಂಡ. ಜೋಯಿಸರು ಬೀದಿಯವರೆಗೂ ಬೈಯುತ್ತ ಹೋದರು.

ಹುಡುಗಿ ಹಸೆಯಿಂದೆದ್ದು ಬಟ್ಟಲನ್ನು ಮಗುಚಿದಳು. ಬೆಳಕು ಹರಿಯುವ ಮುನ್ನ ತೂತಿನ ಅಂಚಿಗೆ ತಾನೇ ಮೆತ್ತಿದ್ದ ಮೇಣವನ್ನು ಉಗುರಿನಿಂದ ಕೆರೆದು ತೆಗೆದಳು.