ಖಾನಾವಳಿಯ ಗೋಡೆ ಹೇಳಿದ್ದು

ಗೋಡೆಗಳು ಕೋರ್ಟಿಗೆ ಬರಲಾರವು. ಅದಕ್ಕೇ ನ್ಯಾಯಾಧೀಶರು ಸಾಕ್ಷಿ ಕೇಳಲು ಬಾಳವ್ವನ ಖಾನಾವಳಿಗೆ ಬಂದು ಊಟದ ಬೆಂಚಿನ ಮೇಲೆ ಕೂತರು. ಆ ಬೀದಿ ಈಗ ವಾಣಿಜ್ಯ ವಲಯ, ಹಳೆಯ ಕಲ್ಲಿನ ಕಟ್ಟಡ ಕೆಡವಬೇಕು ಎಂದು ಪಾಲಿಕೆ ನೋಟಿಸು ಕೊಟ್ಟಿತ್ತು. ಇದು ಪಾರಂಪರಿಕ ಕಟ್ಟಡ, ಮುಟ್ಟಬೇಡಿ ಎಂದು ಬಾಳವ್ವ ದಾವೆ ಹೂಡಿದ್ದಳು.

ಗೋಡೆ ಹೇಳುವುದು ತಾನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಮಾತನ್ನು ಮಾತ್ರ. ಅದೂ ಒಂದೇ ಸಲ.

"ಏನ್ ಹೇಳ್ತೈತಿ ಅನ್ನೂದು ನನಗ ಗೊತ್ತೈತ್ರಿ," ಎಂದು ಬಾಳವ್ವ ತನ್ನ ವಕೀಲರಿಗೆ ಪಿಸುಗುಟ್ಟಿದಳು. "'ಇನ್ನೊಂದು ರೊಟ್ಟಿ ಹಾಕ್ಲೇನ್ರಿ?' ನಮ್ಮತ್ತಿ ಕಾಲದಿಂದ ಅದ ಮಾತು."

ಗುಮಾಸ್ತ ಗೋಡೆಗೆ ಪ್ರಮಾಣ ಬೋಧಿಸಿದ. ಸುಣ್ಣದೊಳಗಿಂದ ದನಿ ಬಂತು. ಬಾಳವ್ವನದೇ ದನಿ, ಒಲೆಯ ಮೇಲೆ ನೀರು ಸೋರಿದಾಗೆಲ್ಲ, ಸಾರಿಗೆ ಗಾರೆ ಉದುರಿದಾಗೆಲ್ಲ ಅವಳು ಆಡುತ್ತಿದ್ದ ಮಾತು.

"ಈ ಹಾಳ ಗ್ವಾಡಿ ಯಾವಾಗ ಬೀಳ್ತೈತೋ ಏನೋ!"

"ಅದು ಸಿಟ್ಟಿನ ಮಾತ್ರೀ ಸಾಹೇಬ್ರ," ಎಂದಳು ಬಾಳವ್ವ. "ಮನಿ ಮಂದಿಗೆ ಬೈದಂಗ ಬೈದೀನ್ರಿ."

"ದನಿ ನಿಮ್ದ ಹೌದಲ್ಲವ್ವಾ?"

"ಹೌದ್ರಿ."

ನ್ಯಾಯಾಧೀಶರು ಅಷ್ಟನ್ನೇ ಬರೆಸಿದರು.

ಕೆಡವುವ ಯಂತ್ರ ಬಾಗಿಲಿಗೆ ಬಂದ ದಿನ ನೆಲ ನಡುಗಿ, ಕುದಿಯುವ ಸಾರಿಗೆ ಹಿಡಿ ಗಾರೆ ಬಿತ್ತು. ಬಾಳವ್ವನ ಬಾಯಿಗೆ ಹಳೆಯ ಮಾತೇ ಬಂತು. ಅದನ್ನು ನುಂಗಿಕೊಂಡು, ಗೋಡೆಗೆ ಬಾಯಿ ಹಚ್ಚಿ, "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದಳು. ಗೋಡೆ ಇನ್ನು ಮಾತಾಡುವುದಿಲ್ಲವೆಂದು ಗೊತ್ತಿದ್ದೂ, ಮೊದಲ ಕಲ್ಲು ಬೀಳುವವರೆಗೆ ಅದನ್ನೇ ಹೇಳುತ್ತಿದ್ದಳು.